ಲಂಗರ್‌ನಲ್ಲಿ ಒಂದು ಸುಳ್ಳು, ಫೋನಿನಲ್ಲಿ ಒಂದು ಸುಳ್ಳು

ನಾನು ಆಪ್ತಸಮಾಲೋಚಕಿ. ಈ ಒಂದು ವರ್ಷದಲ್ಲಿ ಇದೇ ತೊಂದರೆ ಹೊತ್ತು ನನ್ನ ಮುಂದೆ ಕುಳಿತ ಮೂರನೇ ಹುಡುಗ ಇವನು. ಮೂವರೂ ಸೈನ್ಯದಲ್ಲಿರುವವರು, ಲಂಗರ್‌ನಲ್ಲಿ, ಅಂದರೆ ಜವಾನರ ಊಟದ ಮನೆಯಲ್ಲಿ ಉಣ್ಣುವವರು. ಮೂವರ ಮನೆಯಲ್ಲೂ ಮಾಂಸ ಮುಟ್ಟುವುದಿಲ್ಲ. ಅದಕ್ಕೇ ಬರೆಯಬೇಕು ಅನ್ನಿಸಿತು. ಹುಡುಗನ ಒಪ್ಪಿಗೆ ಕೇಳಿ, ಗುರುತು ಸಿಗುವಂಥದ್ದನ್ನೆಲ್ಲ ಬದಲಿಸಿ ಬರೆದಿದ್ದೇನೆ. ಈರಣ್ಣ ಅಂತ ಕರೆಯೋಣ.

ಗದಗ ಜಿಲ್ಲೆಯ ಹಳ್ಳಿ, ಒಕ್ಕಲುತನದ ಲಿಂಗಾಯತ ಮನೆ. ವಯಸ್ಸು 22. ಅಗ್ನಿವೀರನಾಗಿ ಸೇರಿ ಎರಡು ವರ್ಷ ದಾಟಿತ್ತು. ರಜೆಗೆ ಬಂದಾಗ ಎಂಟು ಕಿಲೋ ಇಳಿದಿದ್ದ. ಗೆಳೆಯರ ಜೊತೆಗೂ ಮಾತಿಲ್ಲ, ಸಣ್ಣ ಸಣ್ಣದಕ್ಕೆ ಸಿಟ್ಟು. "ಯಾರೋ ಏನೋ ಮಾಡಿಸ್ಯಾರ್ರಿ ಅಂತ ನಾ ಅಂದೆ. ನನ್ನ ತಂಗಿ, ಮೊದಲ ಧಾರವಾಡದಾಗ ತೋರಸು ಅಂದ್ಲು" ಎನ್ನುತ್ತಾ ಅವ್ವ ಕರೆದುಕೊಂಡು ಬಂದರು.

ಎರಡು ಭೇಟಿಯಲ್ಲಿ "ಹೂಂ ರೀ", "ಇಲ್ರಿ" ಬಿಟ್ಟು ಏನೂ ಬರಲಿಲ್ಲ. ಮೂರನೇ ಸಲ ನಾನು ಪ್ರಶ್ನೆ ಕೇಳುವುದನ್ನೇ ಬಿಟ್ಟೆ. ಒಂದು ಬಿಳಿ ಹಾಳೆ, ಪೆನ್ಸಿಲ್ ಕೊಟ್ಟು, "ಅಲ್ಲಿಯ ಒಂದು ರಾತ್ರಿಯ ಊಟದ ತಾಟು ಬರಿ ನೋಡೋಣ" ಅಂದೆ.

ಅವನು ಬಹಳ ಹೊತ್ತು ಬರೆದ. ದುಂಡಗಿನ ತಾಟು. ಒಂದು ಕಡೆ ಮೂರು ಚಪಾತಿ, ಒಂದು ಕಡೆ ಅನ್ನ, ನಡುವೆ ಬೇಳೆ. ಇನ್ನೊಂದು ಮೂಲೆಯಲ್ಲಿ ಏನೋ ಬರೆದು, ಪೆನ್ಸಿಲ್‌ನಿಂದ ಗೀಚಿ ಕಪ್ಪು ಮಾಡಿದ. ಅಲ್ಲಿಂದ ತಾಟಿನ ಹೊರಗೆ ಒಂದು ಗೆರೆ ಎಳೆದು ಬಾಣದ ತುದಿ ಹಾಕಿದ.

"ಇದೇನಪ್ಪಾ?"

"ಚಿಕನ್ ರೀ. ಬಾಜೂ ಕುಂತಾಂವಗ ಕೊಡ್ತೀನಿ."

"ಅದರ ಬದಲಿಗೆ ನಿನಗೆ ಏನು ಸಿಗುತ್ತೆ?"

"ಏನೂ ಇಲ್ರಿ. ನಾ ನಾನ್‌ವೆಜ್ ಅಂತ ಬರಸೀನ್ರಿ."

ಆಮೇಲೆ ತಾನಾಗಿಯೇ ಮಾತು ಬಂತು. ಸೇರಿದ ಹೊಸದರಲ್ಲಿ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರನ್ನೇ ಕೇಳುತ್ತಾ ಬಂದರಂತೆ, ವೆಜ್ಜೋ ನಾನ್‌ವೆಜ್ಜೋ ಅಂತ. ಇವನ ಮುಂದಿದ್ದವರೆಲ್ಲ ನಾನ್‌ವೆಜ್ ಅಂದರು. ಭರ್ತಿಗೆ ತಯಾರಿ ಮಾಡುವಾಗ ಊರ ಕಡೆ ಓಟ ಕಲಿಸಿದವರೊಬ್ಬರು, "ಸೊಪ್ಪು ತಿನ್ನೋರು ಗುಡ್ಡ ಏರಂಗಿಲ್ಲ" ಅಂತ ದಿನಾ ಹೇಳುತ್ತಿದ್ದರು. ಅದು ಕಿವಿಯಲ್ಲೇ ಇತ್ತು. ತನ್ನ ಪಾಳಿ ಬಂದಾಗ ಬಾಯಿಂದ "ನಾನ್‌ವೆಜ್" ಅಂತ ಬಂದುಬಿಟ್ಟಿತು. ಬದಲಿಸೋಣ ಅಂದರೆ ನಾಚಿಕೆ. ಅದಕ್ಕಿಂತ ಜಾಸ್ತಿ ಹೆದರಿಕೆ. ಅಗ್ನಿವೀರರಿಗೆ ಇರುವುದು 4 ವರ್ಷ. ಆಮೇಲೆ ಕಾಯಂ ಆಗಿ ಉಳಿಯುವವರು ಹೆಚ್ಚೆಂದರೆ 25 ಪರ್ಸೆಂಟ್. "ಊಟದ್ದೊಂದು ತಕರಾರು ತಗದಾಂವ ಅಂತ ನನ್ನ ಹೆಸರು ಬರಬಾರದ್ರಿ" ಅಂದ.

ಮನೆ ಕಡೆಯದ್ದು ಬೇರೆ. ಹೊರಡುವ ದಿನ ಅವ್ವ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಿದ್ದರು, ಅಲ್ಲಿ ಹೋಗಿ ಅದನ್ನ ತಿನ್ನಬ್ಯಾಡ ಅಂತ. ಅವನು ತಿಂದಿಲ್ಲ. ಹಸಿದಿದ್ದಾನೆ, ಆದರೆ ತಿಂದಿಲ್ಲ. ಹಸಿದಿದ್ದೇನೆ ಅಂತ ಅವ್ವನಿಗೆ ಹೇಳುವಂತೆಯೂ ಇಲ್ಲ. ನಮ್ಮ ಕಡೆಯ ತಾಯಂದಿರ ಎದೆಯಲ್ಲಿ 2016ರ ಫೆಬ್ರವರಿ ಇನ್ನೂ ಹಾಗೇ ಇದೆ. ಕುಂದಗೋಳ ತಾಲ್ಲೂಕು ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದಡಿ 6 ದಿನ ಜೀವ ಹಿಡಿದು ಹೊರಬಂದರು, ಆಮೇಲೆ ದಿಲ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಈರಣ್ಣನ ಅವ್ವ ಆಗ ಟಿವಿ ಮುಂದೆ ಕುಳಿತು ಅತ್ತವರು. ಮಗನೂ ಈಗ ಮಲೆಯ ಮೇಲಿದ್ದಾನೆ. ಅವಳಿಗೆ ಇನ್ನೊಂದು ಚಿಂತೆ ಕೊಡಬಾರದು ಅಂತ ಇವನು ಫೋನಿನಲ್ಲಿ ಎರಡು ವರ್ಷ "ಹೊಟ್ಟಿ ತುಂಬ ಉಂಡೆ" ಅಂದ.

"ಲಂಗರ್‌ನ್ಯಾಗ ತಿಂತೀನಿ ಅಂತ ಸುಳ್ಳು ಹೇಳೀನ್ರಿ. ಅವ್ವಗ ಉಂಡೀನಿ ಅಂತ ಸುಳ್ಳು ಹೇಳೀನ್ರಿ. ಖರೇ ಹೇಳಾಕ ನನಗ ಒಂದ ಜಾಗಾನೂ ಉಳದಿಲ್ಲ."

ಇಷ್ಟು ಹೇಳಿ ಹಾಳೆಯನ್ನು ಮಡಚಿ ಮಡಚಿ ಬೆಂಕಿಪೆಟ್ಟಿಗೆಯಷ್ಟು ಮಾಡಿದ.

ನಾನು ಒಂದೇ ಒಂದು ಪ್ರಶ್ನೆ ಕೇಳಿದೆ. "ಅವ್ವ ಆಣೆ ಹಾಕಿಸದೇ ಇದ್ದಿದ್ದರೆ ನೀನು ತಿನ್ನುತ್ತಿದ್ದೆಯಾ?"

ಕೂಡಲೇ ಉತ್ತರ ಬರಲಿಲ್ಲ. ಹೊರಗೆ ಬಸ್ಸು ಹೋದದ್ದು, ಪಕ್ಕದ ಮನೆಯ ಕುಕ್ಕರ್ ಕೂಗಿದ್ದು ಎಲ್ಲ ಕೇಳಿಸಿತು. ಕೊನೆಗೆ, "ಇಲ್ರಿ. ನನಗ ಅದರ ವಾಸನಿನ ಆಗಿ ಬರಂಗಿಲ್ಲ" ಅಂದ. "ಸಣ್ಣಾಂವ ಇದ್ದಾಗ ಮನಿಯಾಗ ಹೋತಿನ ಮರಿ ಇತ್ರಿ. ನನ್ನ ಹಿಂದ ಹಿಂದ ಅಡ್ಡಾಡ್ತಿತ್ತು."

"ಹಂಗಾದರೆ ಇದು ಅವ್ವನ ಆಣೆ ಅಲ್ಲ. ನಿನ್ನದೇ ನಿರ್ಧಾರ. ನಿನ್ನ ನಿರ್ಧಾರವನ್ನು ನೀನೇ ಬಾಯಿಬಿಟ್ಟು ಹೇಳಬೇಕು."

ಈ ಪ್ರಶ್ನೆಯನ್ನು ಮೊದಲು ಬಂದ ಇಬ್ಬರಿಗೂ ಕೇಳಿದ್ದೆ. ಅವರಲ್ಲಿ ಒಬ್ಬ "ತಿಂತಿದ್ದೆ ರೀ" ಅಂದಿದ್ದ. ಅವನಿಗೆ ಕೊಟ್ಟ ಸಲಹೆಯೇ ಬೇರೆ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಈ ಪ್ರಕರಣ ಕೇಳಿದ ನನ್ನ ಜೊತೆಯವರೊಬ್ಬರು, "ಸುಮ್ನೆ ತತ್ತಿಯಾದರೂ ತಿನ್ನು ಅಂತ ಹೇಳಬಾರದಿತ್ತಾ, ದೇಶ ಕಾಯೋ ಹುಡುಗ" ಅಂದರು. ಊರಿನ ಹಿರಿಯರೊಬ್ಬರು ಪೂರ್ತಿ ಉಲ್ಟಾ, "ಆಣಿ ಮುರೀಬ್ಯಾಡ ಅಂತ ಗಟ್ಟಿಯಾಗಿ ಹೇಳಬೇಕಿತ್ತು" ಅಂದರು. ಎರಡೂ ನನ್ನ ಕೆಲಸ ಅಲ್ಲ. ಅವನ ತಾಟಿನಲ್ಲಿ ಏನಿರಬೇಕು ಅಂತ ಹೇಳುವ ಅಧಿಕಾರ ನನಗಿಲ್ಲ. ಅವನಿಗೆ ಏನು ಬೇಕು ಅನ್ನುವುದು ಅವನ ಬಾಯಿಂದಲೇ ಬರಬೇಕು. ಅದು ಬಂದಮೇಲೆ ದಾರಿ ತೋರಿಸುವುದು ನನ್ನ ಪಾಲು. ಈ ಮಾತಿಗೆ ನಾನು ಇವತ್ತಿಗೂ ಬದ್ಧಳಾಗಿದ್ದೇನೆ.

ದಾರಿ ಇದೆ, ಅದೂ ಹೊಸದಲ್ಲ. ಸೈನ್ಯದ ರೇಷನ್‌ನಲ್ಲಿ ಶಾಕಾಹಾರಿಗಳ ಲೆಕ್ಕ ಬೇರೆಯೇ ಇರುತ್ತದೆ. ಮಾಂಸದ ಬದಲಿಗೆ ಹಾಲಿನಂಥ ಪದಾರ್ಥ ಜಾಸ್ತಿ ಸಿಗುತ್ತದೆ. ಅದು ಯಾರೋ ಮಾಡುವ ಉಪಕಾರವಲ್ಲ, ಅವನ ಪಾಲು. ಎರಡು ವರ್ಷ ಆ ಪಾಲನ್ನು ಕೇಳದೇ, ಈ ಪಾಲನ್ನು ಉಣ್ಣದೇ ಎರಡನ್ನೂ ಬಿಟ್ಟಿದ್ದ. ರಜೆ ಮುಗಿಸಿ ಹೋದ ವಾರವೇ ಲಂಗರ್ ನೋಡಿಕೊಳ್ಳುವವರಿಗೆ ಹೇಳಿ ವೆಜ್ ಅಂತ ಬರೆಸು ಅಂದೆ. ಅಲ್ಲಿ ಆಗದಿದ್ದರೆ ಸುಬೇದಾರ್ ಸಾಹೇಬರ ಹತ್ತಿರ ಹೋಗು. ಸೈನಿಕ ಸಮ್ಮೇಳನ ಇರುವುದೇ ಜವಾನರ ಮಾತು ಕೇಳಲಿಕ್ಕೆ. ಪಲ್ಟನ್ನಿನ ಮಂದಿರದಲ್ಲಿ ಧರ್ಮಗುರು ಇದ್ದರೆ ಅವರ ಹತ್ತಿರವೂ ಈ ಮಾತು ಆಡಬಹುದು.

ಎತ್ತರದ ಜಾಗದಲ್ಲಿ ಹಸಿವೆಯೇ ಸತ್ತುಹೋಗುತ್ತದೆ. ಏನು ತಿನ್ನುವವರೂ ಅಲ್ಲಿ ತೂಕ ಇಳಿಯುತ್ತಾರೆ. ಹಾಗಿರುವಾಗ ಬೇಳೆಯ ತಿಳಿ, ಚಪಾತಿಯಲ್ಲೇ ದಿನ ತಳ್ಳುವುದು ವ್ರತ ಅಲ್ಲ, ಮೈಗೆ ಮಾಡುವ ಅನ್ಯಾಯ. ಹಾಲು, ಮೊಸರು, ಪನೀರ್, ಕಾಳು, ಶೇಂಗಾ ಬೇಕೇ ಬೇಕು. ಬಿ12 ಅನ್ನುವ ಜೀವಸತ್ವ ಕಾಯಿಪಲ್ಲೆಯಲ್ಲಿ ಸಿಗುವುದಿಲ್ಲ. ಮಾಂಸ, ತತ್ತಿ ಬಿಟ್ಟವರಿಗೆ ಹಾಲು ಮೊಸರೇ ಆಧಾರ. ಅದು ಕಡಿಮೆಯಾದರೆ ಸುಸ್ತು, ಕೈಕಾಲು ಜುಮ್ಮೆನ್ನುವುದು, ಮನಸ್ಸು ಮಂಕಾಗುವುದು ಎಲ್ಲ ಆಗಬಹುದು. ನಾನು ಡಾಕ್ಟರ್ ಅಲ್ಲ. ಅದಕ್ಕೇ ಬೆಳಗಾವಿಯ ಮಿಲಿಟರಿ ಆಸ್ಪತ್ರೆಗೆ ಹೋಗಿ ರಕ್ತ ತೋರಿಸು ಅಂದೆ. ಅವನ ಸಿಟ್ಟನ್ನೆಲ್ಲ ಮನಸ್ಸಿನ ಲೆಕ್ಕಕ್ಕೇ ಹಾಕಿ ಕೂರುವುದು ಸರಿಯಲ್ಲ ಅಲ್ವಾ?

"ಗಸ್ತಿಗೆ ಹೋದಾಗ ಏನ್ ಮಾಡ್ಲಿ ರೀ" ಅಂದ. ಸೈನ್ಯಕ್ಕೆ ಕಟ್ಟುವ ತಯಾರಿ ಊಟದ ಪೊಟ್ಟಣಗಳಲ್ಲಿ ಶಾಕಾಹಾರದ್ದೂ ಇವೆ. ಅಂಥ ಊಟ ರೂಪಿಸುವ ರಕ್ಷಣಾ ಆಹಾರ ಪ್ರಯೋಗಾಲಯ ನಮ್ಮ ಮೈಸೂರಿನಲ್ಲೇ 1961ರಿಂದ ಇದೆ. ಇದು ಅವನಿಗೆ ಗೊತ್ತಿರಲಿಲ್ಲ. ಅವ್ವ ಕಟ್ಟಿಕೊಡುವ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿಯನ್ನು ಮೊದಲ ದಿನವೇ ಎಲ್ಲರಿಗೂ ಹಂಚಿ ಖಾಲಿ ಮಾಡುತ್ತಿದ್ದನಂತೆ. ಹಂಚು, ಆದರೆ ಅರ್ಧ ಇಟ್ಟುಕೋ ಅಂದೆ.

ಮುಂದಿನ ವಾರ ಅವ್ವನನ್ನೂ ಕೂರಿಸಿಕೊಂಡು, ಅವನೇ ಹೇಳುವ ಹಾಗೆ ಮಾಡಿದೆ. ಅವರು ಸಮಾಧಾನ ಆಗಲಿಲ್ಲ. "ಎರಡ ವರ್ಷ ನನ್ನ ಮುಂದ ಸುಳ್ಳ ಹೇಳ್ದಿ?" ಅಂತ ಮಗನ ಮೇಲೆ ಹರಿಹಾಯ್ದರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು. "ಆಣಿ ಹಾಕಿಸಿದ್ದು ನನ್ನ ತಪ್ಪಾತೇನ್ರಿ ಅಕ್ಕಾರ?"

ಹೌದು ಅನ್ನಲಿಕ್ಕೂ ಆಗಲಿಲ್ಲ, ಇಲ್ಲ ಅನ್ನಲಿಕ್ಕೂ ಆಗಲಿಲ್ಲ. ದಿನಾ ಫೋನಿನಲ್ಲಿ ಏನು ಕೇಳುತ್ತೀರಿ ಅಂತ ಕೇಳಿದೆ. "ಊಟಾ ಆತೇನಪಾ ಅಂತೀನ್ರಿ." ಆ ಪ್ರಶ್ನೆಗೆ ಯಾವ ಮಗನಾದರೂ ಹೂಂ ಅಂತಲೇ ಅನ್ನುತ್ತಾನೆ. ಇನ್ನು ಮೇಲೆ "ತಾಟಿನಾಗ ಏನೇನಿತ್ತು?" ಅಂತ ಕೇಳಿ ಅಂದೆ. ಅವನು ಏನು ಹೇಳಿದರೂ ಅಳಬೇಡಿ ಅಂತಲೂ ಹೇಳಿದೆ. ಅದು ಅವರಿಗೆ ಕಷ್ಟದ ಮಾತು, ಗೊತ್ತು.

ಹೋದ ಒಂದು ತಿಂಗಳಿಗೆ ಈರಣ್ಣ ಫೋನ್ ಮಾಡಿದ. "ಬರಸೀನ್ರಿ ಮೇಡಂ. ಬರಕೊಳ್ಳಾಂವ ತಲಿ ಸೈತ ಎತ್ತಲಿಲ್ರಿ. ಇಷ್ಟಕ್ಕ ಎರಡ ವರ್ಷ ಹೆದರಿದೆ." ತೂಕ ಇನ್ನೂ ಮೊದಲಿನಷ್ಟಾಗಿಲ್ಲ. ಒಂದಿಬ್ಬರು ಚಾಷ್ಟಿ ಮಾಡುತ್ತಾರಂತೆ. ಅವ್ವ ಮಾತ್ರ ದಿನಾ ತಾಟಿನ ಲೆಕ್ಕ ಕೇಳುತ್ತಾರೆ. ಮೊನ್ನೆ ಪನೀರ್ ಅಂದಾಗ, "ಹಂಗಂದ್ರೇನು, ಹೆಂಗ ಇರತೈತಿ?" ಅಂದರಂತೆ. ಅವನು ಹಾಲು ಒಡೆಸುವುದರಿಂದ ಶುರುಮಾಡಿ ಹೇಳಿದ್ದಾನೆ.