ಮನೆಯಲ್ಲೇ ಹಾಡು ರೆಕಾರ್ಡ್ ಮಾಡಲು 5,000 ರೂಪಾಯಿ ಆಸುಪಾಸಿನಲ್ಲಿ ಯಾವ ಹೆಡ್‌ಫೋನ್ ಒಳ್ಳೆಯದು?

ಉಡುಪಿಯ ಮನೆಯಲ್ಲಿ ಭಾವಗೀತೆ, ಭಜನೆ ರೆಕಾರ್ಡ್ ಮಾಡಬೇಕು, ಮೈಕ್ ಮತ್ತು ಅದನ್ನು ಕಂಪ್ಯೂಟರಿಗೆ ಜೋಡಿಸುವ ಇಂಟರ್‌ಫೇಸ್ ಇದೆ, ಅಂಗಡಿಯವರು ಓಪನ್ ಬ್ಯಾಕ್ (ಕಪ್‌ನ ಹಿಂಬದಿ ತೆರೆದಿರುವ ಹೆಡ್‌ಫೋನ್) ತೆಗೆದುಕೊಳ್ಳಿ ಅಂದಿದ್ದಾರೆ ಎಂದು ಬರೆದಿದ್ದೀರಿ. ಓಪನ್ ಬ್ಯಾಕ್ ಕೇಳುವುದಕ್ಕೆ ಚಂದ, ಸುಳ್ಳಲ್ಲ. ಆದರೆ ಮೈಕಿನ ಎದುರು ನಿಂತು ಹಾಡುವವರಿಗೆ ಅದು ಬೇಡವೇ ಬೇಡ ಮಾರಾಯ್ರೆ. ಕಿವಿ ಪೂರ್ತಿ ಮುಚ್ಚುವ, ವಯರ್ ಇರುವ ಕ್ಲೋಸ್ಡ್ ಬ್ಯಾಕ್, ಅಂದರೆ ಹಿಂಬದಿ ಮುಚ್ಚಿರುವುದನ್ನು ತೆಗೆದುಕೊಳ್ಳಿ.

ಮಂಗಳೂರಿನ ನಮ್ಮ ಚಿಕ್ಕ ಸ್ಟುಡಿಯೋಕ್ಕೆ ಬರುವುದು ಹೆಚ್ಚಾಗಿ ತುಳು ಭಕ್ತಿಗೀತೆ, ಕೊಂಕಣಿ ಹಾಡುಗಳು. ಹಾಡುವವರ ಕಿವಿಯಲ್ಲಿ ತಂಬೂರ, ಲಯಕ್ಕೆಂದು ಹಾಕುವ ಟಿಕ್ ಟಿಕ್ ಸದ್ದು, ಅಂದರೆ ಕ್ಲಿಕ್, ಓಡುತ್ತಿರುತ್ತದೆ. ಹೆಡ್‌ಫೋನಿನಿಂದ ಸದ್ದು ಹೊರಗೆ ಸೋರಿದರೆ ಅದು ನೇರ ಮೈಕಿಗೆ ಹೋಗುತ್ತದೆ. ಹಾಡುವಾಗ ಗೊತ್ತಾಗುವುದಿಲ್ಲ, ಆಮೇಲೆ ಜೋರು-ಮೆಲ್ಲಗಿನ ಅಂತರ ಕಡಿಮೆ ಮಾಡುವ ಕಂಪ್ರೆಸರ್ ಹಾಕಿದಾಗ, ಸಾಲು ಮುಗಿದು ಉಸಿರು ಎಳೆಯುವ ಜಾಗದಲ್ಲೆಲ್ಲ ಟಿಕ್ ಟಿಕ್ ಎದ್ದು ಕೇಳುತ್ತದೆ. ತಂಬೂರದ ಟ್ರ್ಯಾಕ್ ಬದಲಾಯಿಸಿದರೂ ಹಳೆಯದು ಗಾಯಕರ ದನಿಯ ಹಿಂದೆ ಉಳಿದೇ ಇರುತ್ತದೆ.

ನಿಮ್ಮ ಬಜೆಟ್‌ಗೆ ನಾನು ಹೇಳುವುದು ಆಡಿಯೋ ಟೆಕ್ನಿಕಾ ಎಟಿಎಚ್-ಎಂ20ಎಕ್ಸ್. ಇದರ ವಿದ್ಯುತ್ ತಡೆ (ಇಂಪೀಡೆನ್ಸ್) 47 ಓಮ್ಸ್, ಹಾಗಾಗಿ ಸಾಧಾರಣ ಇಂಟರ್‌ಫೇಸಿನಲ್ಲೇ ಸಾಕಷ್ಟು ವಾಲ್ಯೂಮ್ ಬರುತ್ತದೆ. 3 ಮೀಟರ್ ವಯರ್ ಎಡಗಡೆಯಿಂದ ಮಾತ್ರ ಇಳಿಯುವುದರಿಂದ ಕುತ್ತಿಗೆಗೆ ಸುತ್ತಿಕೊಳ್ಳುವುದಿಲ್ಲ. ಆ ವಯರ್ ಕಳಚಲು ಬರುವುದಿಲ್ಲ, ಎಳೆದಾಡಬೇಡಿ. ಬಜೆಟ್ ಮೀರಿ ಹೆಚ್ಚು ಹಾಕಬಹುದಾದರೆ ಅದೇ ಕಂಪನಿಯ ಎಂ40ಎಕ್ಸ್: ವಯರ್ ಬದಲಾಯಿಸಬಹುದು, ಒಂದು ಕಪ್ ತಿರುಗಿಸಿ ಒಂದೇ ಕಿವಿಯಲ್ಲಿ ಕೇಳಬಹುದು. ಒಂದು ಕಿವಿ ತೆರೆದು ಹಾಡುವ ಅಭ್ಯಾಸ ನಮ್ಮ ಗಾಯಕರಲ್ಲಿ ಬಹಳ. ಆಗ ಕಿವಿ ತೆರೆದ ಬದಿಯ ಸದ್ದನ್ನು ಪೂರ್ತಿ ಬಂದ್ ಮಾಡಿ. ಸ್ಯಾಮ್ಸನ್ ಎಸ್‌ಆರ್850, ಸೂಪರ್‌ಲಕ್ಸ್ ಎಚ್‌ಡಿ668ಬಿ ಹೆಸರನ್ನೂ ಯಾರಾದರೂ ಹೇಳಿಯಾರು. ಎರಡೂ ಸೆಮಿ ಓಪನ್, ಅಂದರೆ ಹಿಂಬದಿ ಅರೆ ತೆರೆದವು. ಮಿಕ್ಸಿಂಗಿಗೆ ಆದೀತು, ಹಾಡಿಸಲಿಕ್ಕೆ ಅಲ್ಲ.

ತಂದ ದಿನವೇ ಒಂದು ಪರೀಕ್ಷೆ ಮಾಡಿ. ಹಾಡುವವರು ಹೆಡ್‌ಫೋನ್ ಹಾಕಿಕೊಂಡು ಮೈಕಿನ ಎದುರು ಬಾಯಿ ಮುಚ್ಚಿ ನಿಲ್ಲಲಿ. ಫ್ಯಾನ್ ಬಂದ್ ಮಾಡಿ, ಕ್ಲಿಕ್ ಓಡಿಸಿ, ಒಂದು ನಿಮಿಷ ರೆಕಾರ್ಡ್ ಮಾಡಿ, ಆಮೇಲೆ ಅದನ್ನು ಜೋರು ಮಾಡಿ ಕೇಳಿ. ಟಿಕ್ ಟಿಕ್ ಕೇಳಿದರೆ ವಾಲ್ಯೂಮ್ ಇಳಿಸಿ, ಕನ್ನಡಕ ತೆಗೆಸಿ ನೋಡಿ. ಕನ್ನಡಕದ ಕಡ್ಡಿ ಪ್ಯಾಡನ್ನು ಎತ್ತಿದಲ್ಲಿ ಸಣ್ಣ ಸಂದು ಬಿಟ್ಟು ಅಲ್ಲಿಂದಲೇ ಸೋರುವುದು ಜಾಸ್ತಿ. ಜುಮುಕಿಯನ್ನೂ ತೆಗೆದಿಡಲಿ, ಕಪ್‌ಗೆ ತಾಗಿ ಶಬ್ದ ಬರುತ್ತದೆ.

ಬ್ಲೂಟೂತ್ ಎಷ್ಟು ದುಬಾರಿಯದ್ದಾದರೂ ಬೇಡ. ಸದ್ದು ತಡವಾಗಿ ಕಿವಿಗೆ ಬಂದರೆ ತಾಳ ನಿಲ್ಲುವುದಿಲ್ಲ.

ಇಬ್ಬರು ಒಟ್ಟಿಗೆ ಹಾಡುವುದಿದ್ದರೆ ದುಬಾರಿಯದ್ದು ಒಂದರ ಬದಲು ಎಂ20ಎಕ್ಸ್ ಎರಡು ತೆಗೆದುಕೊಳ್ಳಿ, ಜೊತೆಗೆ ಒಂದೇ ಸದ್ದನ್ನು ಎರಡಕ್ಕೂ ಹಂಚುವ ಒಂದು ಸ್ಪ್ಲಿಟರ್.

ಇನ್ನು ನಮ್ಮೂರಿನ ಮಳೆಗಾಲ. ಜೂನ್ ಬಂತೆಂದರೆ ರೆಕ್ಸಿನ್ ಪ್ಯಾಡಿಗೆ ಬೂಷ್ಟು ಹಿಡಿಯುತ್ತದೆ, ಆಮೇಲೆ ಸಿಪ್ಪೆ ಏಳುತ್ತದೆ. ಹಾಡಿ ಮುಗಿದ ಕೂಡಲೇ ಬೆವರನ್ನು ಒಣಬಟ್ಟೆಯಲ್ಲಿ ಒರೆಸಿ, ಗಾಳಿಗೆ ಆರಿದ ಮೇಲೆ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಎಷ್ಟು ಜಾಗ್ರತೆ ಮಾಡಿದರೂ ಪ್ಯಾಡ್ ಒಂದು ದಿನ ಹೋಗಿಯೇ ಹೋಗುತ್ತದೆ. ಎಂ ಸರಣಿಗೆ ಬದಲಿ ಪ್ಯಾಡ್ ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ಬೇರೆ ಯಾವುದೇ ಮಾಡೆಲ್ ಆರಿಸಿದರೂ ಪ್ಯಾಡ್ ಸಿಗುತ್ತದೋ ಅಂತ ಮೊದಲು ನೋಡಿಯೇ ದುಡ್ಡು ಕೊಡಿ.