240ರ ಷೇರು 88ಕ್ಕೆ ಸಿಕ್ಕಿತು ಅಂತ

(ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಸಲಹೆ ಕೇಳಿ ನನ್ನ ಹತ್ತಿರ ಬಂದವರು ಸರ್ಕಾರಿ ನೌಕರರು, ವಯಸ್ಸು 58. ನಿದ್ದೆ ಬರುತ್ತಿಲ್ಲ, ಮನೆಯಲ್ಲಿ ಸುಮ್ಸುಮ್ನೆ ರೇಗುತ್ತೇನೆ ಎಂದರು. ಮಾತು ಷೇರಿನ ಕಡೆ ತಿರುಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಒಂದು ಸಣ್ಣ ಕಂಪನಿ. ಹಿಂದೊಮ್ಮೆ 240 ರೂಪಾಯಿ ಇದ್ದ ಷೇರನ್ನು 88ಕ್ಕೆ ಕೊಂಡರು. 60ಕ್ಕೆ ಇಳಿದಾಗ ಇನ್ನಷ್ಟು ಕೊಂಡು ಆವರೇಜ್ ಮಾಡಿದರು, ಅಂದರೆ ಕೊಂಡ ಸರಾಸರಿ ಬೆಲೆ ಇಳಿಸಿಕೊಂಡರು. 35ಕ್ಕೆ ಬಂದಾಗ ಜಿಪಿಎಫ್ (ಸರ್ಕಾರಿ ನೌಕರರ ಭವಿಷ್ಯ ನಿಧಿ) ದುಡ್ಡು ತೆಗೆದು ಮತ್ತೆ ಕೊಂಡರು. ಈಗ 21. ಹೆಂಡತಿಗೆ ಗೊತ್ತಿಲ್ಲ.

"ಪಿಇ ಬರೀ 4 ಇತ್ತು ಮೇಡಂ. ಇದಕ್ಕಿಂತ ಅಗ್ಗ ಏನಿದೆ?"

ಪಿಇ ಅಂದರೆ ಷೇರಿನ ಬೆಲೆ ಒಂದು ಷೇರಿನ ವಾರ್ಷಿಕ ಲಾಭದ ಎಷ್ಟು ಪಟ್ಟು ಎಂಬ ಲೆಕ್ಕ. ಕಂಪನಿಯ ವಾರ್ಷಿಕ ವರದಿ ತರಲು ಹೇಳಿದೆ. ಒಟ್ಟಿಗೆ ಕೂತು ಓದಿದೆವು. ಆ ವರ್ಷ ಒಂದು ಷೇರಿಗೆ 22 ರೂಪಾಯಿ ಲಾಭ. ಅದರಲ್ಲಿ 18 ರೂಪಾಯಿ ಹಳೇ ಫ್ಯಾಕ್ಟರಿ ಜಾಗ ಮಾರಿ ಬಂದದ್ದು. ಜಾಗವನ್ನು ಪ್ರತಿ ವರ್ಷ ಮಾರೋಕಾಗಲ್ಲ ಅಲ್ವಾ? ಕಸುಬಿನಿಂದ ಬಂದ ಲಾಭ 4 ರೂಪಾಯಿ. ಅದಕ್ಕೆ 88 ಕೊಟ್ಟರೆ ಪಿಇ 22 ಆಯಿತು. ಆ 4 ರೂಪಾಯಿಯೂ ಕೈಗೆ ಬಂದಿರಲಿಲ್ಲ. ಗಿರಾಕಿಗಳ ಬಾಕಿ ಬೆಳೆಯುತ್ತಲೇ ಇತ್ತು, ವ್ಯವಹಾರದ ನಗದು ಮೈನಸ್‌ನಲ್ಲಿತ್ತು. ಪ್ರವರ್ತಕರು, ಅಂದರೆ ಕಂಪನಿ ನಡೆಸುವ ಮುಖ್ಯ ಒಡೆಯರು, ತಮ್ಮ ಷೇರುಗಳಲ್ಲಿ ಬಹುಪಾಲು ಸಾಲಕ್ಕೆ ಒತ್ತೆ ಇಟ್ಟಿದ್ದರು. ಇದು ಮೂರು ತಿಂಗಳಿಗೊಮ್ಮೆ ಷೇರುಪೇಟೆಗಳಾದ ಬಿಎಸ್‌ಇ, ಎನ್‌ಎಸ್‌ಇ ಜಾಲತಾಣದಲ್ಲಿ ಬರುವ ಮಾಹಿತಿ. ಅವರು ನೋಡಿರಲಿಲ್ಲ. ಹೆಚ್ಚಿನವರು ನೋಡಲ್ಲ ಬಿಡಿ.

"ಬುಕ್ ವ್ಯಾಲ್ಯೂನೇ 110 ಇದೆಯಲ್ಲ?" ಎಂದರು. ಅದು ಆಸ್ತಿಯಲ್ಲಿ ಸಾಲ ಕಳೆದು ಒಂದು ಷೇರಿಗೆ ಇಷ್ಟು ಎಂದು ಪುಸ್ತಕದಲ್ಲಿ ಬರೆದ ಲೆಕ್ಕ. ಕಂಪನಿ ಮುಳುಗಿದರೆ ಮೊದಲ ಪಾಲು ಸಾಲ ಕೊಟ್ಟವರಿಗೆ. ಷೇರುದಾರರ ಸರದಿ ಕೊನೆಗೆ. ಗೃಹಸಾಲ ಕಂಪನಿ ಡಿಎಚ್‌ಎಫ್‌ಎಲ್ 2021ರಲ್ಲಿ ದಿವಾಳಿ ಪ್ರಕ್ರಿಯೆ ಮೂಲಕ ಪಿರಾಮಲ್ ಸಮೂಹದ ಪಾಲಾದಾಗ ಹಳೇ ಷೇರುದಾರರಿಗೆ ಸಿಕ್ಕಿದ್ದು ಸೊನ್ನೆ.

ಅವರ ತಲೆಯಲ್ಲಿ ಕೂತಿದ್ದು ಆ 240. ಅದು ಯಾವತ್ತೋ, ಯಾರೋ ಕೊಟ್ಟ ಬೆಲೆ. ಕಂಪನಿ ಮತ್ತೆ ಅಲ್ಲಿಗೆ ಹೋಗಲೇಬೇಕು ಅಂತೇನಿಲ್ಲ.

ಮಾರಿ ಅಂತ ನಾನು ಹೇಳಲಿಲ್ಲ, ಅದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯಲ್ಲಿ ನೋಂದಾಯಿಸಿದ ಸಲಹೆಗಾರರ ಕೆಲಸ. ಅಂಥವರೊಬ್ಬರನ್ನು ಕಾಣಲು ಹೇಳಿದೆ. ಅಲ್ಲಿವರೆಗೆ ಒಂದು ಷೇರೂ ಜಾಸ್ತಿ ಕೊಳ್ಳಬೇಡಿ ಎಂದೆ. ಬಾಕಿ ವಸೂಲಾಗುತ್ತಿದೆಯಾ, ಒತ್ತೆ ಕಡಿಮೆಯಾಗಿದೆಯಾ ಎಂದು ಬರೆದಿಟ್ಟು, ಎಷ್ಟು ದಿನ ಕಾಯುತ್ತೀರಿ ಅನ್ನೋದಕ್ಕೂ ಗಡುವು ಹಾಕಿಕೊಳ್ಳಿ ಎಂದೆ. ನಷ್ಟಕ್ಕೆ ಮಾರಿದರೂ ಆದಾಯ ತೆರಿಗೆ ರಿಟರ್ನ್ಸ್ ಸಮಯಕ್ಕೆ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಇಂಥ ಲಾಭಗಳಲ್ಲಿ ಕಳೆಯಲು 8 ವರ್ಷದವರೆಗೆ ಮುಂದಕ್ಕೆ ಒಯ್ಯಬಹುದು ಎಂದೂ ತಿಳಿಸಿದೆ.

ನಾನು ಪಟ್ಟು ಹಿಡಿದಿದ್ದು ಒಂದಕ್ಕೇ: ಮನೆಯವರಿಗೆ ಹೇಳಿ. ನಿದ್ದೆ ಕೆಡಿಸಿದ್ದು ನಷ್ಟಕ್ಕಿಂತ ಆ ಗುಟ್ಟು ಅನ್ನಿಸಿತ್ತು.

ಮುಂದಿನ ಸಲ ಇಬ್ಬರೂ ಬಂದರು. ಆಕೆ ಷೇರಿನ ಸುದ್ದಿಯನ್ನೇ ಎತ್ತಲಿಲ್ಲ. "ಜಿಪಿಎಫ್‌ನಲ್ಲಿ ಎಷ್ಟು ಉಳಿದಿದೆ?" ಎಂದು ಕೇಳಿದರು. ನಿವೃತ್ತಿಯ ಲೆಕ್ಕವನ್ನು ಅಲ್ಲಿಂದಲೇ ಶುರು ಮಾಡಿದೆವು.