ಅಡಿಕೆ ಸುಲಿಯುವಾಗ ಏನು ಕೇಳಲಿ?

ಮೆಟ್ಟುಗತ್ತಿ ಮುಂದೆ ಕೂತರೆ ಅರ್ಧ ಗಂಟೆಗೇ ಹಾಡು ಬೇಜಾರು ಬರುತ್ತೆ, ಫೋನ್ ಮುಟ್ಟೋಕೆ ಹೋಗಿ ಬೆರಳು ಕುಯ್ದುಕೊಂಡೆ ಅಂತ ಬರೆದಿದ್ದೀರಿ. ಶಿರಸಿ ಕಡೆ ನಮ್ಮ ಮನೇಲೂ ಇದೇ ಕೆಲಸ. ಹಾಡು ಬಿಡಿ, ಯಕ್ಷಗಾನದ ಕಥೆಯನ್ನು ಕೂತು ಹಾಡು-ಮಾತಲ್ಲೇ ನಡೆಸುವ ತಾಳಮದ್ದಲೆ ಹಾಕಿ.

ಯಕ್ಷಗಾನದ ವಿಡಿಯೋವನ್ನು ಬರೀ ಕೇಳಿದರೆ ಅರ್ಧ ಆಟ ಹೋದಂಗೆ, ಕುಣಿತ ಬಂದಾಗ ಕಣ್ಣು ಪರದೆಗೆ ಹೋಗೇ ಹೋಗುತ್ತೆ. ತಾಳಮದ್ದಲೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಡುವ ಭಾಗವತರ ಪದ, ಚಂಡೆ ಮದ್ದಲೆ, ಆಮೇಲೆ ಕೂತಲ್ಲೇ ಅರ್ಥ, ಅಂದರೆ ಪಾತ್ರಗಳ ಮಾತು. ಕಿವಿಗೆಂದೇ ಇರುವ ಕಲೆ ಅದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಹುಡುಕಿ ಕೇಳಿ. ಎದುರಿನವರ ಮಾತಿಗೆ ಅವರು ಏನು ಉತ್ತರ ಕೊಡುತ್ತಾರೋ ಅಂತ ಕಾಯುತ್ತಾ ಇರುವಾಗಲೇ ಬುಟ್ಟಿ ತುಂಬಿರುತ್ತೆ. ಒಂದು ಪ್ರಸಂಗ ಗಂಟೆಗಟ್ಟಲೆ ಹೋಗೋದರಿಂದ ತೊಗರು (ಅಡಿಕೆಯ ಕಲೆಗಟ್ಟುವ ರಸ) ಮೆತ್ತಿದ ಕೈಯಲ್ಲಿ ಫೋನ್ ಮುಟ್ಟುವ ಪ್ರಮೇಯವೇ ಬರಲ್ಲ.

ಆದರೆ ತೂಕ ಬರೆಯುವಾಗ, ಲೆಕ್ಕ ಮಾಡುವಾಗ ನಿಲ್ಲಿಸಿ. ಮಾತು ಕೇಳುತ್ತಾ ಅಂಕೆ ಬರೆದರೆ ತಪ್ಪುತ್ತೆ, ಎರಡೂ ಒಂದೇ ಕಡೆ ಗಮನ ಕೇಳುತ್ತವೆ. ನಾನು ಆಗ ಸಿತಾರ್ ಹಾಕ್ತೇನೆ.

ಇಯರ್‌ಫೋನ್ ಒಂದೇ ಕಿವಿಗೆ ಇರಲಿ, ದಯವಿಟ್ಟು. ಅಡಿಕೆ ಬೇಯಿಸುವ ಹಂಡೆ ಉಕ್ಕಿದ್ದು, ಪಕ್ಕದವರು ಕರೆದದ್ದು ಕೇಳಬೇಕು. ನೆಟ್‌ವರ್ಕ್ ಸಿಗುವಲ್ಲಿ ಹಿಂದಿನ ರಾತ್ರಿಯೇ ಇಳಿಸಿಟ್ಟುಕೊಳ್ಳಿ. ಬೆರಳಿನ ಗಾಯ ಒಣಗೋವರೆಗೆ ಚಾಲಿ (ಒಣಗಿಸಿ ಸುಲಿದ ಅಡಿಕೆ) ಆರಿಸಿ ಬೇರೆ ಮಾಡುವ ಕೆಲಸ ಮಾಡಿ, ಅದಕ್ಕೂ ತಾಳಮದ್ದಲೆ ಚೆನ್ನಾಗಿ ಹೊಂದುತ್ತೆ.